ಇಬ್ಬರು ದೊರೆಗಳಿಗೆ ಎರಡು ಬಾಗಿಲು

ರೋಡೆಲೂ, ಮಾಸ್ ನದಿಯ ದಂಡೆ
ಮಾರ್ಚ್ ೨೦, ಸಂತ ಜೋಸೆಫರ ಹಬ್ಬದ ಮರುದಿನ

ಪ್ರೀತಿಯ ಮಾಯ್ಕೆನ್,

ಸುಖವಾಗಿ ಬಂದು ತಲುಪಿ ಮೂರು ವಾರವಾಯಿತು. ದಾರಿಯಲ್ಲಿ ಎರಡು ಕಡೆ ಸ್ಪೇನಿನ ಸಿಪಾಯಿಗಳು, ಮೂರು ಕಡೆ ಫ್ರಾನ್ಸಿನ ಸಿಪಾಯಿಗಳು ನನ್ನ ಪೆಟ್ಟಿಗೆ ಬಿಚ್ಚಿಸಿ ನೋಡಿದರು. ಒಬ್ಬ ನನ್ನ ಹೊಸ ಉಳಿಯನ್ನು ಜೇಬಿಗಿಳಿಸಿದ. ಯಾವ ಕಡೆಯವನು ಎಂದು ಕೇಳಬೇಡ. ಕಳ್ಳತನದ ವಿಷಯದಲ್ಲಿ ಇಬ್ಬರು ದೊರೆಗಳಿಗೂ ಇಪ್ಪತ್ತು ವರ್ಷದಿಂದ ಒಪ್ಪಂದವಿದೆ.

ಇದು ಬಿಷಪ್ಪರ ಊರು, ಯುದ್ಧದಲ್ಲಿ ಯಾರ ಕಡೆಗೂ ಸೇರಿದ್ದಲ್ಲ. ಅದಕ್ಕೇ ಸಂಧಿ ಮಾತುಕತೆಗೆ ಇದನ್ನು ಆರಿಸಿದ್ದಾರೆ. ಸ್ಪೇನ್ ದೊರೆಯ ರಾಯಭಾರಿ ಡಾನ್ ಬಾಲ್ತಸಾರ್ ಎಂಬ ಗಿಡ್ಡ ಮನುಷ್ಯ. ಅವನ ಹೊಟ್ಟೆ ಒಳಗೆ ಬಂದು ಸ್ವಲ್ಪ ಹೊತ್ತಿಗೆ ಅವನು ಬರುತ್ತಾನೆ. ಫ್ರಾನ್ಸಿನವನು ಮಾರ್ಕಿ ದ ವೊಕ್ಲೇರ್, ನೀಳವಾಗಿದ್ದಾನೆ, ಅದು ಸಾಲದೆಂದು ಎತ್ತರದ ಹಿಮ್ಮಡಿ, ಎತ್ತರದ ಟೋಪಿ. ನಡುವೆ ರಾಜಿ ಮಾಡಿಸಲು ಬಿಷಪ್ಪರ ಪಾದ್ರಿ ಲ್ಯಾಂಬರ್ಟ್ ಇದ್ದಾರೆ. ನನ್ನನ್ನು ಕೆಲಸಕ್ಕೆ ಕರೆಸಿದವರು ಅವರೇ. ಮೇಜು ಕುರ್ಚಿ ಮಾಡಲು ನೂರು ಮೈಲಿ ದೂರದಿಂದ ಬಡಗಿ ಏಕೆ ಎಂದು ನಾನೂ ಯೋಚಿಸಿದ್ದೆ. ಬಂದ ಮೇಲೆ ಗೊತ್ತಾಯಿತು, ಊರಿನ ಬಡಗಿಗಳು ಮೂವರೂ ರೋಸಿ ಕೈಚೆಲ್ಲಿ ಕೂತಿದ್ದಾರೆ.

ಮೊದಲು ಉದ್ದ ಮೇಜು ಮಾಡಿದ್ದರಂತೆ. ತಲೆಯ ಕಡೆ ಯಾರು ಕೂರುವುದು ಎಂದು ಮೂರು ವಾರ ಜಗಳ. ನಾನು ದುಂಡು ಮೇಜು ಮಾಡಿಕೊಟ್ಟೆ. ಆಗ ಒಲೆಯ ಕಡೆ ಬೆನ್ನು ಯಾರದು ಎಂದು ಶುರುವಾಯಿತು. ಒಲೆಯನ್ನೇ ಕಲ್ಲು ಕಟ್ಟಿ ಮುಚ್ಚಿಸಿದರು. ಈಗ ಇಬ್ಬರು ದೊರೆಗಳ ಪರವಾಗಿ ಎಲ್ಲರೂ ಸಮಸಮವಾಗಿ ನಡುಗುತ್ತಿದ್ದಾರೆ. ನಿನ್ನೆ ಮಾರ್ಕಿಯ ಕಡೆಯವನೊಬ್ಬ ಡಾನ್ ಬಾಲ್ತಸಾರನ ಕುರ್ಚಿಯ ಬೆನ್ನು ಅಳೆದು, ಮೇಲಿನ ಕೆತ್ತನೆಯ ಮೊಗ್ಗಿನಿಂದಾಗಿ ಅದು ಅರ್ಧ ಬೆರಳು ಎತ್ತರವಾಗಿದೆ ಎಂದು ಪಾದ್ರಿಗಳಿಗೆ ದೂರು ಕೊಟ್ಟ. ಮೊಗ್ಗನ್ನು ಕತ್ತರಿಸಿದೆ. ಅದಕ್ಕೆ ಆರು ಜನ ಸಾಕ್ಷಿ ನಿಂತಿದ್ದರು.

ಗಿಲ್ಲಿಸನ ವಿಷಯ ಮೊದಲ ದಿನವೇ ಕೇಳಿದೆ. ನಮ್ಮೂರು ಫ್ರಾನ್ಸಿನವರಿಗೆ ಶರಣಾದಾಗ ಒಯ್ದ ಆರು ಒತ್ತೆಯಾಳುಗಳನ್ನು ಸಂಧಿಗೆ ಸಹಿ ಬಿದ್ದ ದಿನವೇ ಬಿಡಬೇಕು ಎಂಬ ಸಾಲು ಕರಡಿನಲ್ಲಿದೆ. ಪಾದ್ರಿ ಬೆರಳಿಟ್ಟು ತೋರಿಸಿದರು. ಅವತ್ತು ಚೌಕದಲ್ಲಿ ಕರ್ನಲ್ ಕೂಗಿದ್ದು ಬಡಗಿಗಳ ಸಂಘದ ಯಜಮಾನನನ್ನು, ಅಂದರೆ ನನ್ನನ್ನು. "ಮಾವ, ನಿಮ್ಗೆ ಕೆಮ್ಮು ಬೇರೆ, ನೀವ್ ಅಲ್ಲಿ ಒಂದ್ ಚಳಿಗಾಲ ಕಳೆಯಲ್ಲ. ನಾನ್ ಹೋಗ್ತೀನಿ ಬಿಡಿ" ಎಂದು ನಿನ್ನ ಗಂಡ ನನ್ನನ್ನು ಹಿಂದಕ್ಕೆ ತಳ್ಳಿ ಹೋಗಿ ನಿಂತ. ಅದನ್ನು ನಾನು ಮರೆತಿಲ್ಲ. ಅವನನ್ನು ಕರೆತರುವ ಕಾಗದ ಬರೆಯುವುದು ನಾನು ಮಾಡಿದ ಮೇಜಿನ ಮೇಲೆಯೇ. ಧೈರ್ಯವಾಗಿರು.

ನಿನ್ನ ಅಪ್ಪ


ಹಾಲ್‌ಬೆಕೆ
ಏಪ್ರಿಲ್ ೯

ಅಪ್ಪ,

ನಿನ್ನ ಪತ್ರವನ್ನು ಗಾಡಿ ಟೂನ್ ತಂದುಕೊಟ್ಟ. ಓದಿ ಹೇಳೆಂದ. ಕುರ್ಚಿಯ ಮೊಗ್ಗಿನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ.

ತಿಂಗಳ ಮೊದಲ ಭಾನುವಾರ ಕೋಟೆಯ ಬಾಗಿಲಲ್ಲಿ ಒತ್ತೆಯಾಳುಗಳನ್ನು ಒಂದು ಗಂಟೆ ಹೊತ್ತು ನೋಡಲು ಬಿಡುತ್ತಾರೆ. ಆರು ಹೆಂಗಸರೂ ಕೂಡಿ ನಡೆದುಹೋದೆವು. ರೈ ರೊಟ್ಟಿ, ಉಪ್ಪು ಮೀನು, ಎರಡು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟೆ. ಗಿಲ್ಲಿಸ್ ಸೊರಗಿದ್ದಾನೆ. ಮಾತಿನ ನಡುವೆ ಆಚೆ ತಿರುಗಿ ಕೆಮ್ಮುತ್ತಾನೆ. "ಚಳೀಗೆ ಅಷ್ಟೇ ಕಣೇ. ಮೇಲಿನ ಕೋಣೆ, ಕಿಟಕಿ ಇದೆ, ಬಿಸ್ಲು ಬರತ್ತೆ. ಮಾವ ಏನ್ ಬರ್ದಿದ್ರು?" ಎಂದು ಕೇಳಿದ. ದುಂಡು ಮೇಜಿನ ಕಥೆ ಹೇಳಿದೆ. ಅವನು ನಕ್ಕ. ನಕ್ಕಿದ್ದಕ್ಕೆ ಇನ್ನಷ್ಟು ಕೆಮ್ಮು ಬಂತು.

ನಿನಗೆ ಮೊದಲಿನಿಂದಲೂ ದೊಡ್ಡವರ ಪೆದ್ದುತನ ನೋಡಿ ನಗುವುದೆಂದರೆ ಹಬ್ಬ. ಅಮ್ಮ ಇದ್ದಾಗ ಹೇಳುತ್ತಿದ್ದಳು, ಮನೆಗೆ ಬೆಂಕಿ ಬಿದ್ದರೂ ನಿಮ್ಮಪ್ಪ ಮೊದಲು ಮೇಯರ್ ಓಡಿದ ರೀತಿ ಅಣಕಿಸಿ ಆಮೇಲೆ ನೀರು ತರುತ್ತಾನೆ ಎಂದು. ನಗು, ಬೇಡ ಎನ್ನುವುದಿಲ್ಲ. ಆದರೆ ಕೈ ನಿಲ್ಲಿಸಬೇಡ. ಅವರು ಏನು ಕೇಳುತ್ತಾರೋ ಅದನ್ನು ಕೇಳಿದ ದಿನವೇ ಮಾಡಿ ಎಸೆ. ಬಂಗಾರದ ತೊಟ್ಟಿಲು ಕೇಳಿದರೂ ಮಾಡಿಕೊಡು.

ಮಾಯ್ಕೆನ್


ರೋಡೆಲೂ
ಮೇ ೧೨

ಪ್ರೀತಿಯ ಮಾಯ್ಕೆನ್,

ಒಳ್ಳೆಯ ಸುದ್ದಿ. ಎಲ್ಲ ಒಪ್ಪಿಗೆಯಾಗಿದೆ. ಯಾವ ಊರು ಯಾರಿಗೆ, ಯಾವ ಕೋಟೆ ಕೆಡವಬೇಕು, ಯಾವ ನದಿಯಲ್ಲಿ ಯಾರ ದೋಣಿ, ಎಲ್ಲ. ನಮ್ಮೂರು ಸ್ಪೇನಿನವರಿಗೇ ವಾಪಸ್. ಇಪ್ಪತ್ತು ವರ್ಷ ಹೊಡೆದಾಡಿ ಗೆರೆಯನ್ನು ಹೆಚ್ಚುಕಡಿಮೆ ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿದ್ದಾರೆ. ಸಹಿ ಒಂದು ಬಾಕಿ.

ಹಾಗಾದರೆ ತಡ ಏನು ಎನ್ನುತ್ತೀಯ. ಕೇಳು. ಹೋದ ಮಂಗಳವಾರ ಮೀನುಪೇಟೆಯ ಸಂದಿಯಲ್ಲಿ ಇಬ್ಬರು ರಾಯಭಾರಿಗಳ ಸಾರೋಟುಗಳೂ ಎದುರುಬದುರಾದವು. ಹಿಂದಕ್ಕೆ ಸರಿದವನ ದೊರೆ ಕೆಳಗಿನವನಾಗುತ್ತಾನೆ. ಇಬ್ಬರೂ ಸರಿಯಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕುದುರೆಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿದ್ದವು. ಪರಸ್ಪರ ಅಭ್ಯಾಸವಾಗಿ ಕುದುರೆಗಳು ಕತ್ತು ಉಜ್ಜಿಕೊಳ್ಳತೊಡಗಿದವು. ಮಾರ್ಕಿಯ ಸೇವಕ ಓಡಿಬಂದು ಬಿಡಿಸಿದ. ಮೀನು ಮಾರುವ ಬಾರ್ಬೆಲ್ ಸೊಂಟಕ್ಕೆ ಕೈಯಿಟ್ಟು ನಿಂತು, "ರೀ ಸ್ವಾಮಿ, ನನ್ ಮೀನು ನಾರ್ತಾ ಇದೆ. ನಿಮ್ದೇನ್ ಕಥೆ?" ಎಂದು ಕಿರುಚಿದಳು. ಕೊನೆಗೆ ಒಂದು ತೋಟದ ಗೋಡೆ ಕೆಡವಿ ಎರಡು ಗಾಡಿಗಳೂ ಒಟ್ಟೊಟ್ಟಿಗೆ ಪಕ್ಕಕ್ಕೆ ಸರಿಯುವಂತೆ ಮಾಡಿದೆವು. ಗೋಡೆ ಕೆಡವಿದವರಲ್ಲಿ ನಾನೂ ಒಬ್ಬ.

ಈಗ ಅದೇ ರೋಗ ಸಹಿಯ ಕೋಣೆಗೆ ತಗುಲಿದೆ. ಆ ಕೋಣೆಗೆ ಒಂದೇ ಬಾಗಿಲು. ಯಾರು ಮೊದಲು ಒಳಗೆ ಕಾಲಿಡುವುದು? ಜೊತೆಗೇ ಹೋಗಿ ಎಂದರೆ ಡಾನ್ ಬಾಲ್ತಸಾರನ ಹೊಟ್ಟೆಯೊಂದಕ್ಕೇ ಬಾಗಿಲು ಸಾಲದು. ಹಾಗಾಗಿ ಇದ್ದ ಬಾಗಿಲನ್ನು ಮುಚ್ಚಿ, ಎದುರುಬದುರು ಗೋಡೆಗಳಲ್ಲಿ ಎರಡು ಹೊಸ ಬಾಗಿಲು ಕೊರೆಯಬೇಕಂತೆ. ಒಂದೇ ಮರ, ಒಂದೇ ಅಗಲ, ಒಂದೇ ಎತ್ತರ. ಎರಡರಿಂದಲೂ ಒಂದೇ ಗಳಿಗೆಯಲ್ಲಿ ಇಬ್ಬರೂ ಒಳಗೆ ಬರಬೇಕು. ಎಂಟು ವಾರದ ಕೆಲಸ, ಐದರಲ್ಲಿ ಮುಗಿಸುತ್ತೇನೆ.

ನಿನ್ನ ಅಪ್ಪ


ಹಾಲ್‌ಬೆಕೆ
ಜೂನ್ ೮

ಅಪ್ಪ,

ಐದು ವಾರ ಮುಗಿಯುತ್ತಾ ಬಂತು. ಬಾಗಿಲು ಎಲ್ಲಿಗೆ ಬಂತು?

ಭಾನುವಾರ ಹೋಗಿದ್ದೆ. ಈ ಸಲ ಗಿಲ್ಲಿಸ್ ನಿಂತು ಮಾತಾಡಲಿಲ್ಲ, ಕಲ್ಲಿನ ಮೇಲೆ ಕೂತ. ಅಂಗೈ ಮುಚ್ಚಿಕೊಂಡಿದ್ದ. ಬಿಡಿಸಿ ನೋಡಿದೆ, ರಕ್ತ ಇತ್ತು. ಕೋಟೆಯ ವೈದ್ಯ ಒಳ್ಳೆಯವನು, ಫ್ರಾನ್ಸಿನವನಾದರೂ. ನನ್ನನ್ನು ಪಕ್ಕಕ್ಕೆ ಕರೆದು, "ಮೇಲಿನ ಕೋಣೆಲಿ ಒಣ ಹವೆ ಇದೆಯಮ್ಮ, ಅದಕ್ಕೇ ತಡ್ಕೊಂಡಿದಾನೆ. ಜುಲೈ ಒಳಗೆ ಮನೆಗೆ ಕರ್ಕೊಂಡ್ ಹೋಗು. ಹಾಲು, ಮೊಟ್ಟೆ, ಬಿಸ್ಲು ಸಿಕ್ಕಿದ್ರೆ ಎದ್ ಕೂರ್ತಾನೆ" ಎಂದ. ಕಂದಕದ ನೀರು ಬೇಸಿಗೆಯಲ್ಲಿ ಕೊಳೆತು ಜ್ವರ ಏಳುತ್ತದಂತೆ.

ಆ ಇಬ್ಬರು ಜಂಬದ ಕೋಳಿಗಳಿಗೆ ನಾನು ಒಂದು ಮಾತು ಹೇಳಬೇಕಿತ್ತು. ನಮ್ಮ ಮನೆಗೆ ಸಿಪಾಯಿಗಳು ನುಗ್ಗಿದಾಗ ಯಾರು ಮೊದಲು ಎಂದು ಯಾರೂ ಕೇಳಲಿಲ್ಲ. ಬಾಗಿಲಿನಿಂದ, ಕಿಟಕಿಯಿಂದ, ಹಂದಿಗೂಡಿನ ಕಂಡಿಯಿಂದ ಬಂದರು. ಆಗ ಯಾವ ದೊರೆಗೂ ಅವಮಾನವಾಗಲಿಲ್ಲ.

ಬೇಗ ಮುಗಿಸು ಅಪ್ಪ. ಕೈ ಮುಗಿಯುತ್ತೇನೆ.

ಮಾಯ್ಕೆನ್


ರೋಡೆಲೂ
ಜೂನ್ ೨೧

ಪ್ರೀತಿಯ ಮಾಯ್ಕೆನ್,

ಬಾಗಿಲು ಮುಗಿಯಿತು. ಎರಡೂ. ಓಕ್ ಮರ, ಬೆಣ್ಣೆಯಂತೆ ಕೂತಿವೆ. ಸಂತ ಪೀಟರ್ ಮತ್ತು ಪೌಲರ ಹಬ್ಬದ ದಿನ, ಜೂನ್ ೨೯ಕ್ಕೆ ಸಹಿ. ಜುಲೈಗೆ ಮೊದಲೇ. ಇನ್ನು ಎಂಟು ದಿನ, ತಡೆದುಕೋ.

ಮೇಲೆ ಹಳೆಯ ತೊಲೆ ಅಡ್ಡ ಇದ್ದದ್ದರಿಂದ ಬಾಗಿಲು ತೀರ ಎತ್ತರ ಮಾಡಲಾಗಲಿಲ್ಲ. ಡಾನ್ ಬಾಲ್ತಸಾರನಿಗೆ ಆ ಚಿಂತೆಯಿಲ್ಲ, ಅವನು ಬೆಕ್ಕಿನ ಕಂಡಿಯಲ್ಲೂ ನೆಟ್ಟಗೆ ನಡೆದು ಬರಬಲ್ಲ. ಆದರೆ ಮಾರ್ಕಿ ತಾನೇ ಅಳತೆ ನೋಡಲು ಬಂದ. ಹಿಮ್ಮಡಿ, ಕೂದಲು, ಟೋಪಿ ಎಲ್ಲ ಸೇರಿ ಹೋಗಿ ತೊಲೆಗೆ ಒಂದು ಬೆರಳು ಬಾಕಿ. ಟೋಪಿ ತೆಗೆದರೆ ಸ್ಪೇನ್ ದೊರೆಗೆ ಗೌರವ ಕೊಟ್ಟಂತೆ, ತಲೆ ತಗ್ಗಿಸಿದರೆ ಇನ್ನೂ ದೊಡ್ಡ ಗೌರವ. ಒಂದು ಬೆರಳು ಬಾಕಿ ಇರುವುದು ನೋಡಿ ಸಮಾಧಾನವಾಯಿತು ಅವನಿಗೆ.

ಅಷ್ಟು ಹತ್ತಿರ ನಿಂತಿದ್ದನಲ್ಲ, ನಾನು ಟೋಪಿ ತೆಗೆದು ಮೊಣಕಾಲೂರಿದೆ. "ಪ್ರಭು, ನಿಮ್ ಕೋಟೇಲಿ ನಮ್ ಅಳಿಯ ಇದಾನೆ. ಎದೆ ಕೆಟ್ಟಿದೆ. ಎಂಟ್ ದಿನಕ್ಕೆ ಹೇಗೂ ಬಿಡ್ತೀರಿ. ಈಗ್ಲೇ ಬಿಟ್ಬಿಡಿ. ಬೇಕಿದ್ರೆ ಆ ಎಂಟ್ ದಿನ ನಾನ್ ಹೋಗಿ ಕೂತ್ಕೋತೀನಿ" ಎಂದೆ.

ಅವನು ನನ್ನ ಕಡೆ ತಿರುಗಲೂ ಇಲ್ಲ. ಪಕ್ಕದ ಕಾರ್ಯದರ್ಶಿಯನ್ನು ಕೇಳಿದ: "ಈ ಬಾಗ್ಲು ಮಾತಾಡತ್ತಾ?"

"ಇಲ್ಲ ಪ್ರಭು, ಬಡಗಿ."

"ಎಣ್ಣೆ ಹಾಕೋಕೆ ಹೇಳಿ. ಕಿರುಗುಟ್ತಾ ಇದೆ."

ಜೊತೆಗಿದ್ದವರೆಲ್ಲ ನಕ್ಕರು. ನನ್ನ ಪಕ್ಕದಲ್ಲಿದ್ದ ಈ ಊರಿನ ಬಡಗಿಗಳೂ ನೆಲ ನೋಡುತ್ತಾ ನಕ್ಕರು, ನಗದಿದ್ದರೆ ಕೂಲಿ ಹೋಗುತ್ತದೆ ಎಂದು. ನನಗೆ ಐವತ್ತೆಂಟು ವರ್ಷ ಮಾಯ್ಕೆನ್. ಸಂಘದ ಯಜಮಾನ. ಮೊಣಕಾಲ ಮೇಲೆಯೇ ಸ್ವಲ್ಪ ಹೊತ್ತು ಇದ್ದೆ, ಏಳಲು ಯಾರೂ ಹೇಳಲಿಲ್ಲ.

ಇರಲಿ. ಎಂಟು ದಿನ.

ನಿನ್ನ ಅಪ್ಪ


ರೋಡೆಲೂ
ಜೂನ್ ೨೮, ಹಬ್ಬದ ಹಿಂದಿನ ದಿನ
(ಈ ಪತ್ರ ಕಳುಹಿಸಲಿಲ್ಲ)

ಪ್ರೀತಿಯ ಮಾಯ್ಕೆನ್,

ಟೂನ್ ಗಾಡಿ ಕಟ್ಟುವುದು ನಾಡಿದ್ದು. ಆದರೆ ತಡೆಯಲಾರದೆ ಇವತ್ತೇ ಬರೆಯುತ್ತಿದ್ದೇನೆ. ನೀನು ಈ ಸಲ ನಗುತ್ತೀಯ. ಗಿಲ್ಲಿಸ್ ಅಂತೂ ಹಾಸಿಗೆಯಿಂದ ಬೀಳುವ ಹಾಗೆ ನಗುತ್ತಾನೆ.

ನನ್ನ ಏಪ್ರನ್ನಿನಲ್ಲಿ ಓಕ್ ಮರದ ಒಂದು ಪಟ್ಟಿ ಸುತ್ತಿಟ್ಟಿದ್ದೇನೆ. ಎರಡು ಬೆರಳು ದಪ್ಪ, ಬಾಗಿಲಿನ ಅಗಲದಷ್ಟೇ ಉದ್ದ. ಚೌಕಟ್ಟಿನ ಬಣ್ಣವೇ ಕೊಟ್ಟಿದ್ದೇನೆ. ಇಂದು ಮಧ್ಯಾಹ್ನ ಮಾರ್ಕಿಯ ಸೇವಕ ಕೋಲು ಹಿಡಿದು ಕೊನೆಯ ಸಲ ಅಳೆದು ಹೋದ. ಇನ್ನು ಯಾರೂ ಅಳೆಯುವುದಿಲ್ಲ. ನಾಳೆ ಬೆಳಗಿನ ಪೂಜೆಗೆ ಎಲ್ಲರೂ ಚರ್ಚಿಗೆ ಹೋದಾಗ ಆ ಪಟ್ಟಿಯನ್ನು ಫ್ರಾನ್ಸಿನ ಬಾಗಿಲ ಮೇಲ್ಪಟ್ಟಿಗೆ ಒಳಗಡೆಯಿಂದ ಕೂರಿಸುತ್ತೇನೆ. ಹುಟ್ಟಿನಿಂದ ಅಲ್ಲೇ ಇದ್ದಂತೆ ಕಾಣುತ್ತದೆ.

ಆಮೇಲೆ ತುತ್ತೂರಿ ಊದುತ್ತಾರೆ, ಇಬ್ಬರೂ ಒಟ್ಟಿಗೆ ಒಳಬರುತ್ತಾರೆ. ಟೋಪಿ ಮರಕ್ಕೆ ತಾಗುತ್ತಲೇ ಆ ನೀಳ ಮನುಷ್ಯ ತಲೆ ತಗ್ಗಿಸಲೇಬೇಕು. ಎಲ್ಲರ ಎದುರಿಗೆ, ಮಾತಾಡುವ ಬಾಗಿಲಿಗೆ. ಎಷ್ಟು ಹೊತ್ತು? ಒಂದು ಉಸಿರು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಟೋಪಿ ಸರಿಮಾಡಿಕೊಳ್ಳುತ್ತಾನೆ, ಕೂತು ಸಹಿ ಹಾಕುತ್ತಾನೆ. ಎಂಟು ತಿಂಗಳ ಕೆಲಸ ಒಂದು ಟೋಪಿಗಾಗಿ ಬಿಟ್ಟು ಹೋಗುವಷ್ಟು ಹುಚ್ಚರು ಅವರೂ ಅಲ್ಲ.

ಅವನು ಬಾಗುವುದನ್ನು ನಾನು ಮೂಲೆಯಲ್ಲಿ ನಿಂತು ನೋಡುತ್ತೇನೆ. ಅಷ್ಟು ಸಾಕು ನನಗೆ. ಹಾಲು ಮೊಟ್ಟೆ ತಂದಿಟ್ಟಿರು.

ನಿನ್ನ ಅಪ್ಪ


ರೋಡೆಲೂ
ಜುಲೈ ೩

ಮಾಯ್ಕೆನ್,

ಸಹಿ ಆಗಲಿಲ್ಲ. ನೀನು ಇಷ್ಟರಲ್ಲಿ ಕೇಳಿರುತ್ತೀಯ.

ಒಳಗೆ ಬರುವಾಗ ಮಾರ್ಕಿಯ ಟೋಪಿ ಬಾಗಿಲಿಗೆ ತಾಗಿತು, ಅವನು ತಲೆ ತಗ್ಗಿಸಿದ. ಸ್ಪೇನಿನ ಕಾರ್ಯದರ್ಶಿ ತಕ್ಷಣ ಲೇಖನಿ ಅದ್ದಿ ಬರೆದುಕೊಂಡ: "ಫ್ರಾನ್ಸ್ ದೊರೆಯ ರಾಯಭಾರಿ ಶಿರಬಾಗಿ ಪ್ರವೇಶಿಸಿದರು." ಆ ಸಾಲು ಹೊಡೆದುಹಾಕಬೇಕು, ಇಲ್ಲವೇ ಡಾನ್ ಬಾಲ್ತಸಾರನೂ ಅಷ್ಟೇ ಬಾಗಬೇಕು ಎಂದು ಮಾರ್ಕಿ ಕೂಗಾಡಿದ. ಬರೆದದ್ದನ್ನು ಹೊಡೆಯಲೂ ಬಾಗಲೂ ತನಗೆ ಅಧಿಕಾರವಿಲ್ಲ, ದೊರೆಯನ್ನು ಕೇಳಬೇಕು ಎಂದ ಡಾನ್ ಬಾಲ್ತಸಾರ್. ಮ್ಯಾಡ್ರಿಡ್‌ಗೆ ಸವಾರ ಹೋಗಿದ್ದಾನೆ. ಹೋಗಿ ಬರಲು ಏಳು ವಾರ.

ಬಾಗಿಲು ತಗ್ಗಿದ್ದು ಹೇಗೆ ಎಂದು ಅಳೆದು ನೋಡಿದರು. ಎರಡು ಬೆರಳು ಕಡಿಮೆ ಬಂತು. ನದಿಯ ತೇವಕ್ಕೆ ಮರ ಉಬ್ಬಿರಬೇಕು ಎಂದು ಹೇಳಲಾಯಿತು. ಪಾದ್ರಿಗಳು ಒಪ್ಪಿಕೊಂಡರು. ಸರಿಮಾಡುವುದು ಅರ್ಧ ಗಂಟೆಯ ಕೆಲಸ, ಮಾಡಿಯಾಯಿತು.

ಗಿಲ್ಲಿಸನಿಗೆ ಧೈರ್ಯ ಹೇಳು. ನಾನೂ ಪಾದ್ರಿಗಳ ಕಾಲು ಹಿಡಿದಿದ್ದೇನೆ, ಒತ್ತೆಯಾಳುಗಳನ್ನಾದರೂ ಮೊದಲೇ ಬಿಡಿಸಿ ಎಂದು.

ಅಪ್ಪ


ಹಾಲ್‌ಬೆಕೆ
ಜುಲೈ ೧೯

ಅಪ್ಪ,

ಜುಲೈ ಮೊದಲ ಭಾನುವಾರ ರೊಟ್ಟಿ ಕಟ್ಟಿಕೊಂಡು ಹೋದೆವು. ಬಾಗಿಲು ಹಾಕಿತ್ತು. ಕಾವಲಿನ ಸಾರ್ಜೆಂಟ್ ಹೇಳಿದ: "ನಮ್ ಮಾರ್ಕಿ ಪ್ರಭುಗಳಿಗೆ ಅವಮಾನ ಆಗಿದೆ. ಅದು ಸರಿ ಹೋಗೋವರ್ಗೂ ಯಾರನ್ನೂ ನೋಡೋ ಹಾಗಿಲ್ಲ. ಮೇಲಿನ ಕೋಣೆನೂ ಇಲ್ಲ, ಆರೂ ಜನಾನ ಕೆಳಗಿನ ನೆಲಮಾಳಿಗೆಗೆ ಹಾಕಿದೀವಿ." ನೆಲಮಾಳಿಗೆ ಕಂದಕದ ನೀರಿನ ಮಟ್ಟಕ್ಕಿದೆ ಅಪ್ಪ. ವೈದ್ಯ ಏನು ಹೇಳಿದ್ದ ಎಂದು ನಿನಗೆ ಬರೆದಿದ್ದೆ. ರೊಟ್ಟಿಯನ್ನು ಸಾರ್ಜೆಂಟ್ ಇಸಿದುಕೊಂಡ, ಅವನೇ ತಿಂದಿರುತ್ತಾನೆ.

ಇನ್ನು ಮರದ ಮಾತು. ನಾನು ನಿನ್ನ ಮರದ ಹೊಟ್ಟಿನ ರಾಶಿಯಲ್ಲಿ ಆಡಿ ಬೆಳೆದವಳು. ಓಕ್ ಮರ ಎಂಟು ದಿನದಲ್ಲಿ ಎರಡು ಬೆರಳು ಉಬ್ಬುವುದಿಲ್ಲ. ಐದು ವರ್ಷ ನದಿಯಲ್ಲಿ ಮುಳುಗಿಸಿಟ್ಟರೂ ಉಬ್ಬುವುದಿಲ್ಲ. ಅದು ನಿನಗೂ ಗೊತ್ತು. ನಿನ್ನ ಅಳತೆಯಲ್ಲಿ ಕೂದಲೆಳೆಯೂ ತಪ್ಪುವುದಿಲ್ಲ. ಅಂದರೆ ಬೇರೆ ಯಾರೋ ಕೈ ಹಾಕಿದ್ದಾರೆ. ಆ ಊರಿನ ಮೂವರಲ್ಲಿ ಯಾವ ಕೈಲಾಗದವನಿಗೆ ಫ್ರಾನ್ಸಿನ ಬಾಗಿಲು ಕೊಟ್ಟೆ? ಕುಡಿದು ಅಳೆದನೇ? ಅವನ ಹೆಸರು ಬರೆ. ಶಾಪ ಹಾಕಲು ಒಂದು ಹೆಸರು ಬೇಕು ನನಗೆ. ದೊರೆಗಳ ಹೆಸರು ಹಿಡಿದು ಶಪಿಸಿ ಶಪಿಸಿ ಬಾಯಿ ಸವೆದಿದೆ, ಅವರಿಗೆ ಏನೂ ತಟ್ಟುವುದಿಲ್ಲ.

ಮಾಯ್ಕೆನ್


ರೋಡೆಲೂ
ಆಗಸ್ಟ್ ೨೧

ಪ್ರೀತಿಯ ಮಾಯ್ಕೆನ್,

ಆಯಿತು! ನಿನ್ನೆ ಸಹಿ ಬಿತ್ತು. ಊರಿನ ಗಂಟೆಗಳೆಲ್ಲ ಹೊಡೆಯುತ್ತಿವೆ. ಈ ಪತ್ರಕ್ಕಿಂತ ಮೊದಲೇ ಗಿಲ್ಲಿಸ್ ಮನೆ ಸೇರಿರುತ್ತಾನೆ.

ಮ್ಯಾಡ್ರಿಡ್‌ನಿಂದ ಹನ್ನೊಂದು ಹಾಳೆಯ ಉತ್ತರ ಬಂತು. ಡಾನ್ ಬಾಲ್ತಸಾರ್ ಬಾಗಕೂಡದು. ಆದರೆ ಒಳಗೆ ಬರುವಾಗ ಅವನ ಕರವಸ್ತ್ರ ತಾನಾಗಿ ಕೆಳಗೆ ಬೀಳಬಹುದು, ಅದನ್ನು ಅವನು ತಾನೇ ಎತ್ತಿಕೊಳ್ಳಬಹುದು. ಅದು ಬಾಗಿದ್ದಲ್ಲ, ಎತ್ತಿಕೊಂಡದ್ದು. ಫ್ರಾನ್ಸಿನವರು ಅದನ್ನು ಬಾಗಿದ್ದು ಎಂದು ನೋಡಬಹುದು, ಬರೆಯಬಾರದು. ಕರವಸ್ತ್ರ ಬಿತ್ತು. ಹೊಟ್ಟೆಯಿಂದಾಗಿ ಅವನ ಕೈ ನೆಲಕ್ಕೆ ಎಟುಕಲಿಲ್ಲ, ಇಬ್ಬರು ಹಿಂದಿನಿಂದ ಹಿಡಿದುಕೊಂಡರು. ಆಮೇಲೆ ಕೂತರು, ಸಹಿ ಹಾಕಿದರು. ಒಂದು ಪಾತ್ರೆ ಬಿಯರ್ ಕುಡಿದು ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ನಾನು ಈ ಸಲ ನಗಲಿಲ್ಲ ಕಣೆ. ಕಿಟಕಿಯ ಹತ್ತಿರ ನಿಂತು ದೇವರೇ ದೇವರೇ ಎಂದುಕೊಳ್ಳುತ್ತಿದ್ದೆ.

ಅವನಿಗೆ ಹೇಗಿದೆ, ಒಂದು ಸಾಲು ಬರೆ. ಇಲ್ಲಿನ ಕೆಲಸ ಮುಗಿಸಿ ಸೆಪ್ಟೆಂಬರ್ ಕೊನೆಗೆ, ಸಂತ ಮೈಕೇಲರ ಹಬ್ಬದ ಹೊತ್ತಿಗೆ ಬಂದುಬಿಡುತ್ತೇನೆ.

ನಿನ್ನ ಅಪ್ಪ


ಹಾಲ್‌ಬೆಕೆ
ಸೆಪ್ಟೆಂಬರ್ ೬

ಅಪ್ಪ,

ಐದು ಜನ ಬಂದರು.

ಆಗಸ್ಟ್ ೨೩ರಂದು, ಊರಿನವರೆಲ್ಲ ಹೆಬ್ಬಾಗಿಲಲ್ಲಿ ಸೇರಿದ್ದೆವು. ಗಂಟೆ ಹೊಡೆಯುತ್ತಿದ್ದರು. ಮೇಯರ್ ಹೊಸ ಕೋಟು ಹಾಕಿದ್ದ. ಗಾಡಿಯಿಂದ ಒಬ್ಬೊಬ್ಬರೇ ಇಳಿದರು, ನಾನು ಎಣಿಸುತ್ತಾ ನಿಂತಿದ್ದೆ. ಕೊನೆಗೆ ಇಳಿದ ರೊಟ್ಟಿಯಂಗಡಿಯ ಹೆಂಡ್ರಿಕ್ ನನ್ನನ್ನು ನೋಡಿ ಟೋಪಿ ತೆಗೆದ. ಆಗಲೇ ಗೊತ್ತಾಯಿತು.

ಜುಲೈ ಕೊನೆಯ ದಿನ ಹೋದನಂತೆ. ನೆಲಮಾಳಿಗೆಗೆ ಇಳಿಸಿದ ಮೂರನೆಯ ವಾರ ಜ್ವರ ಶುರುವಾಯಿತು. ಆರೂ ಜನಕ್ಕೆ ಬಂತು, ಐವರು ತಡೆದುಕೊಂಡರು, ಅವನ ಎದೆ ತಡೆಯಲಿಲ್ಲ. ವೈದ್ಯ ಮೇಲಿನ ಕೋಣೆಗೆ ಸೇರಿಸಿ ಎಂದು ಎರಡು ಸಲ ಬರೆದುಕೊಟ್ಟನಂತೆ. ಮಾರ್ಕಿಯ ಅಪ್ಪಣೆ ಬೇಕು ಎಂದರಂತೆ. ಹೆಂಡ್ರಿಕ್ ಹೇಳಿದ: "ಕೊನೇಗಂಟ ನಿಮ್ಮಪ್ಪನ್ ಕಾಗ್ದದ ಕಥೆನೇ ಹೇಳ್ತಿದ್ದ ಕಣವ್ವ. ಕುದುರೆ ಕತ್ತು ಉಜ್ಜಿದ್ದು, ಮೀನಿನವಳು ಕಿರುಚಿದ್ದು. ನಮ್ಮನ್ನೆಲ್ಲ ನಗಿಸ್ತಿದ್ದ." ಎಲ್ಲಿ ಹೂತರು ಎಂದು ಕೇಳಿದೆ. ಕಂದಕದ ಆಚೆ ಬದಿ, ಸುಣ್ಣ ಹಾಕಿ. ಗುರುತಿಗೆ ಏನೂ ಇಟ್ಟಿಲ್ಲ.

ಜೂನ್ ೨೯ಕ್ಕೆ ಸಹಿ ಬಿದ್ದಿದ್ದರೆ ಅವನು ಜುಲೈ ಎರಡಕ್ಕೆ ಈ ಅಡುಗೆಮನೆಯಲ್ಲಿ ಕೂತಿರುತ್ತಿದ್ದ. ನಾನು ಹಾಲು ತಂದಿಟ್ಟಿದ್ದೆ. ನೀನು ಬರೆಯದಿದ್ದರೂ ತಂದಿಟ್ಟಿದ್ದೆ.

ಈಗ ನಿನ್ನನ್ನು ಕೇಳುವುದು ಒಂದೇ. ಟೂನ್ ಹೇಳುತ್ತಾನೆ, ರೋಡೆಲೂ ಬೀದಿಯಲ್ಲಿ ಮಾತಾಡಿಕೊಳ್ಳುತ್ತಾರಂತೆ, ಅದು ತಪ್ಪಿ ಆದದ್ದಲ್ಲ, ಯಾರೋ ಬೇಕೆಂದೇ ಮರ ಬಡಿದಿದ್ದರು, ಮೊಳೆಯ ತೂತು ಇನ್ನೂ ಇದೆ ಎಂದು. ಬೇಕೆಂದೇ! ಮಾರ್ಕಿ ಏನು ಎಂದು ನನಗೆ ಗೊತ್ತು, ಅವನು ನಮ್ಮನ್ನು ಮನುಷ್ಯರೆಂದೇ ತಿಳಿದಿಲ್ಲ, ಅವನಿಂದ ನಾನು ಏನನ್ನೂ ಬಯಸಲಿಲ್ಲ. ಆದರೆ ಇವನು ನಮ್ಮವನು. ಉಳಿ ಹಿಡಿದು ರೊಟ್ಟಿ ತಿನ್ನುವವನು. ಆ ಕಾಗದದಲ್ಲಿ ಆರು ಜನರ ಜೀವ ಇದೆ ಎಂದು ಗೊತ್ತಿದ್ದೂ ಒಂದು ಗಳಿಗೆ ನಗುವುದಕ್ಕಾಗಿ ಹಾಗೆ ಮಾಡಿದನಲ್ಲ, ಅವನು ಮಾರ್ಕಿಗಿಂತ ಕೀಳು. ಅವನ ಮುಖಕ್ಕೆ ಉಗಿಯುವುದೂ ಎಂಜಲು ದಂಡ.

ಜುಲೈಯಲ್ಲಿ ಕೇಳಿದ್ದೆ, ನೀನು ಉತ್ತರ ಕೊಡಲಿಲ್ಲ. ಸಂಘದವನೆಂದು ಮುಚ್ಚಿಡುತ್ತಿದ್ದೀಯ ಎಂದುಕೊಂಡಿದ್ದೆ. ನಿನ್ನ ಸಂಘದ ಮರ್ಯಾದೆ ನನಗೆ ಬೇಡ. ಗಿಲ್ಲಿಸ್ ಹೋದದ್ದು ನಿನ್ನ ಜಾಗಕ್ಕೆ. ಅಷ್ಟು ಋಣ ನಿನ್ನ ಮೇಲೆ ಇದೆ. ಕಥೆ ಬೇಡ, ಸಮಾಧಾನ ಬೇಡ. ಅವನ ಹೆಸರು ಬರೆ. ಆಮೇಲೆ ಮನೆಗೆ ಬಾ. ನಿನ್ನನ್ನು ಬಿಟ್ಟರೆ ಇನ್ನು ನನಗೆ ಯಾರಿದ್ದಾರೆ?

ಮಾಯ್ಕೆನ್


ರೋಡೆಲೂ
ಸೆಪ್ಟೆಂಬರ್ ೧೫

ಮಾಯ್ಕೆನ್,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಟೂನ್ ಉತ್ತರಕ್ಕಾಗಿ ಕಾಯುತ್ತಿದ್ದಾನೆ, ಕುದುರೆಗೆ ಎರಡು ಸಲ ಮೇವು ಹಾಕಿದ.

ಇದರ ಜೊತೆಗೆ ಇನ್ನೊಂದು ಪತ್ರ ಇಟ್ಟಿದ್ದೇನೆ. ಜೂನ್ ೨೮ರಂದು ನಿನಗೆ ಬರೆದದ್ದು. ಅಂದು ಕಳುಹಿಸಲಿಲ್ಲ. ಅದನ್ನು ಆಮೇಲೆ ಓದು, ಇಲ್ಲವೇ ಓದಬೇಡ.

ಮರ ಉಬ್ಬಿತು ಎಂದು ಹೇಳಲಾಯಿತು ಎಂದು ಬರೆದಿದ್ದೆನಲ್ಲ, ಹೇಳಿದ್ದು ನಾನೇ. ಪಾದ್ರಿಗಳು ನನ್ನ ಮುಖ ನೋಡಿದರು, ನಂಬಲಿಲ್ಲ, ಆದರೂ ಒಪ್ಪಿಕೊಂಡರು, ಗಲಾಟೆ ಬೇಡವೆಂದು. ಅಂದೇ ನಾನು ನಿಜ ಹೇಳಿ ನನ್ನನ್ನು ಒಪ್ಪಿಸಿಕೊಂಡಿದ್ದರೆ ಮಾರ್ಕಿಯ ಸಿಟ್ಟು ನನ್ನ ಮೇಲೆ ತೀರುತ್ತಿತ್ತು, ನೆಲಮಾಳಿಗೆಯವರೆಗೆ ಹೋಗುತ್ತಿರಲಿಲ್ಲ. ಅದು ನನಗೆ ಅಂದೇ ಹೊಳೆಯಿತು. ಹೆದರಿದೆ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ಏಳು ವಾರ ಕಳೆದೆ. ಇಷ್ಟು ತಿಂಗಳು ಇವರ ಜೊತೆಗಿದ್ದು, ಅರ್ಧ ಬೆರಳಿನ ಮೊಗ್ಗಿಗೆ ಆರು ಸಾಕ್ಷಿ ಕರೆಸುವವರನ್ನು ಕಣ್ಣಾರೆ ನೋಡಿ, ಎರಡು ಬೆರಳಿಗೆ ಏನು ಮಾಡುತ್ತಾರೆ ಎಂದು ನನಗೆ ತಿಳಿಯದೆ ಹೋಯಿತು ಎಂದರೆ ಯಾರೂ ನಂಬಬಾರದು. ನೀನೂ ನಂಬಬೇಡ.

ನೀನು ಕರೆಯುವವರೆಗೆ ನಾನು ಬರುವುದಿಲ್ಲ. ಕರೆಯದಿದ್ದರೆ ಬರುವುದಿಲ್ಲ. ಅಂಗಡಿ, ಮರ, ಉಪಕರಣ ಎಲ್ಲ ನಿನ್ನದು.

ನೀನು ಕೇಳಿದ್ದು ಒಂದು ಹೆಸರು. ಕೆಳಗೆ ಬರೆದಿದ್ದೇನೆ.

ಯೋಸ್ ವರ್‌ಮಾಂಡರ್, ಬಡಗಿ